ಝರಾತುಸ್ತ್ರ

ಇಟಲಿಯ ಪ್ರೋಗ್ರೆಸಿವ್ ರಾಕ್ ತಂಡ ಮುಜೆಯೊ ರೋಜೆನ್‌ಬಾಕ್ ಹೊರತಂದ ಮೊದಲ ಆಲ್ಬಂ. 1973ರಲ್ಲಿ ಮಿಲಾನಿನ ರಿಕೋರ್ದಿ ಸಂಸ್ಥೆ ಇದನ್ನು ಎಲ್‌ಪಿ ತಟ್ಟೆಯಾಗಿ ಬಿಡುಗಡೆ ಮಾಡಿತು. ಎರಡು ಮಗ್ಗುಲೂ ಸೇರಿ ಸುಮಾರು 40 ನಿಮಿಷದ ಸಂಗೀತ ಇದರಲ್ಲಿದೆ. ಮೊದಲ ಮಗ್ಗುಲನ್ನು ಪೂರ್ತಿಯಾಗಿ ತುಂಬಿರುವುದು ಆಲ್ಬಮ್ಮಿನ ಹೆಸರನ್ನೇ ಹೊತ್ತ, ಐದು ಭಾಗಗಳ ಒಂದೇ ಕೃತಿ. ಎರಡನೆಯ ಮಗ್ಗುಲಿನಲ್ಲಿ ಬಿಡಿಬಿಡಿಯಾದ ಮೂರು ಹಾಡುಗಳಿವೆ. ಜರ್ಮನ್ ತತ್ತ್ವಜ್ಞಾನಿ ಫ್ರೀಡ್ರಿಕ್ ನೀಚೆಯ 'ಹೀಗೆಂದನು ಝರಾತುಸ್ತ್ರ' ಎಂಬ ಗ್ರಂಥದ ವಿಚಾರಗಳು ಇಡೀ ಆಲ್ಬಮ್ಮಿಗೆ ಹುರಿಯಾಗಿರುವುದರಿಂದ ಇದನ್ನು ಕಾನ್ಸೆಪ್ಟ್ ಆಲ್ಬಂ ಎಂದು ಕರೆಯುತ್ತಾರೆ. ಹಾಡುಗಳನ್ನು ಒಂದರ ಪಕ್ಕ ಒಂದು ಜೋಡಿಸದೆ ಒಂದೇ ಕಥೆಗೋ ಒಂದೇ ಚಿಂತನೆಗೋ ಕಟ್ಟುಬಿದ್ದು ರಚಿಸಿದ ಆಲ್ಬಂ ಎಂದು ಆ ಮಾತಿನ ಅರ್ಥ. ಹೊರಬಂದ ಕಾಲದಲ್ಲಿ ತನ್ನ ದೇಶದಲ್ಲೇ ಮೂಲೆಗೆ ಸರಿದ ಈ ತಟ್ಟೆಯನ್ನು ಇಂದು ಇಟಲಿಯ ಪ್ರೋಗ್ರೆಸಿವ್ ರಾಕ್ ಬಲ್ಲವರು ಮೊದಲ ಸಾಲಿನಲ್ಲಿ ಕೂರಿಸುತ್ತಾರೆ. ನಡುವೆ ನಡೆದದ್ದು, ಕಿವಿಯಿಂದ ಕೇಳುವ ಮೊದಲೇ ಕಣ್ಣಿನಿಂದ ತೀರ್ಪು ಕೊಟ್ಟ ಒಂದು ಪ್ರಸಂಗ.

ಪ್ರೋಗ್ರೆಸಿವ್ ರಾಕ್ 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡಿತು. ಮೂರು ನಿಮಿಷದ ಹಾಡಿನ ಚೌಕಟ್ಟನ್ನು ಒಡೆದು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ದೀರ್ಘ ವಿನ್ಯಾಸಗಳನ್ನೂ ಜಾಝ್‌ನ ಮನೋಧರ್ಮವನ್ನೂ ರಾಕ್‌ನ ಅಬ್ಬರದೊಳಗೆ ತರಲು ಹೊರಟ ಪ್ರಕಾರ ಅದು. ಇಟಲಿ ಇದನ್ನು ಬರಮಾಡಿಕೊಂಡ ರೀತಿ ಬೇರೆ ಯಾವ ದೇಶದಲ್ಲೂ ಕಾಣದು. ಇಂಗ್ಲೆಂಡಿನ ವಾನ್ ಡರ್ ಗ್ರಾಫ್ ಜನರೇಟರ್ ತಂಡದ 'ಪಾನ್ ಹಾರ್ಟ್ಸ್' ಆಲ್ಬಂ ಸ್ವದೇಶದಲ್ಲಿ ತಣ್ಣಗೆ ಉಳಿದು, 1972ರಲ್ಲಿ ಇಟಲಿಯ ಮಾರಾಟದ ಪಟ್ಟಿಯ ತುದಿಗೇರಿತು. ಜೆನೆಸಿಸ್ ತಂಡಕ್ಕೂ ತನ್ನ ನಾಡಿಗಿಂತ ಮೊದಲು ಇಟಲಿಯಲ್ಲೇ ಜನ ಸೇರತೊಡಗಿದರು. ಹೀಗಾದದ್ದರಲ್ಲಿ ಅಚ್ಚರಿಯಿಲ್ಲ. ಒಪೆರಾ ಕೇಳಿ ಬೆಳೆದವರಿಗೆ, ಒಂದು ರಾಗಾಲಾಪ ಹಲವು ಅಂಕಗಳ ನಂತರ ಬೇರೆ ವೇಷದಲ್ಲಿ ಮರಳಿ ಬರುವುದು, ಕಥೆಯೊಂದು ಹಾಡಿನ ಮೂಲಕವೇ ಸಾಗುವುದು ಹೊಸ ಸಂಗತಿಯಾಗಿರಲಿಲ್ಲ. ಈ ಆಲ್ಬಮ್ಮಿನ ಪ್ರಕಾಶಕರಾದ ರಿಕೋರ್ದಿ ಮನೆತನವೇ 1808ರಲ್ಲಿ ಸ್ವರಲಿಪಿ ಮುದ್ರಣದಿಂದ ಆರಂಭವಾಗಿ, ವೆರ್ದಿ ಮತ್ತು ಪುಚೀನಿಯವರ ಒಪೆರಾಗಳನ್ನು ಪ್ರಕಟಿಸಿದ ಸಂಸ್ಥೆ. ಅದರ ಧ್ವನಿಮುದ್ರಿಕೆ ವಿಭಾಗ ಶುರುವಾದದ್ದು 1958ರಲ್ಲಿ.

ಕಾನ್ಸೆಪ್ಟ್ ಆಲ್ಬಂ ಕೂಡ ಇಟಲಿಗೆ ಪೂರ್ತಿ ಹೊರಗಿನಿಂದ ಬಂದದ್ದಲ್ಲ. ಜೆನೋವಾದ ಗಾಯಕ, ಕವಿ ಫಾಬ್ರೀತ್ಸಿಯೊ ದೆ ಆಂಡ್ರೆ 1968ರಲ್ಲೇ ಅಂಥದೊಂದು ಆಲ್ಬಂ ಮಾಡಿದ್ದರು. 1971ರಲ್ಲಿ ಅಮೆರಿಕದ ಎಡ್ಗರ್ ಲೀ ಮಾಸ್ಟರ್ಸ್‌ನ 'ಸ್ಪೂನ್ ರಿವರ್ ಆಂಥಾಲಜಿ'ಯ ಸಮಾಧಿಲೇಖ ರೂಪದ ಕವಿತೆಗಳನ್ನು ಆಧರಿಸಿ ಮತ್ತೊಂದನ್ನು ಕಟ್ಟಿದರು. ಆಮೇಲೆ ಬಂದ ರಾಕ್ ತಂಡಗಳು ಎತ್ತಿಕೊಂಡ ವಸ್ತುಗಳನ್ನು ನೋಡಿದರೆ ಆ ಹುಡುಗರ ಓದಿನ ಹಸಿವು ಕಣ್ಣಿಗೆ ಕಟ್ಟುತ್ತದೆ. ರೋಮಿನ ಬಾಂಕೊ ದೆಲ್ ಮುತುವೊ ಸೊಕ್ಕೋರ್ಸೊ 1972ರ 'ಡಾರ್ವಿನ್!' ಆಲ್ಬಮ್ಮಿನಲ್ಲಿ ಜೀವವಿಕಾಸವನ್ನು ಹಾಡಿತು. ಲೆ ಓರ್ಮೆ 1973ರ 'ಫೆಲೋನಾ ಎ ಸೊರೋನಾ'ದಲ್ಲಿ ಎರಡು ಗ್ರಹಗಳ ಕಥೆ ಹೇಳಿತು. ಅದೇ ವರ್ಷ ಮೆತಾಮೊರ್ಫೋಸಿ ತಂಡ ದಾಂತೆಯ ನರಕವನ್ನು ಆಯ್ದುಕೊಂಡಿತು. ಇಪ್ಪತ್ತರ ಆಸುಪಾಸಿನ ಹುಡುಗರು ಇಂಥ ವಸ್ತುಗಳಿಗೆ ಕೈಹಾಕಿದರೆ ಆಡಂಬರ ಎನಿಸುವ ಅಪಾಯ ಇದ್ದೇ ಇದೆ. ಆದರೆ ಈ ಆಲ್ಬಂಗಳನ್ನು ಇಂದು ಕೇಳುವಾಗ ಮನಸ್ಸಿಗೆ ತಾಕುವುದು ಅವರ ಶ್ರದ್ಧೆ.

ಮುಜೆಯೊ ರೋಜೆನ್‌ಬಾಕ್ ಹುಟ್ಟಿದ್ದು ದೊಡ್ಡ ನಗರದಲ್ಲಲ್ಲ. ಇಟಲಿಯ ವಾಯವ್ಯ ಅಂಚಿನಲ್ಲಿ ಫ್ರಾನ್ಸ್ ಗಡಿಗೆ ಹತ್ತಿರವಾಗಿರುವ ಲಿಗೂರಿಯಾ ಕರಾವಳಿಯ ಸಾನ್‌ರೆಮೊ, ಬೊರ್ಡಿಗೆರಾ ಊರುಗಳ ಹುಡುಗರ ತಂಡ ಇದು. 1971ರ ಸುಮಾರಿಗೆ ಅಲ್ಲಿನ ಎರಡು ಸ್ಥಳೀಯ ತಂಡಗಳು ಕೂಡಿ ಇದು ರೂಪುಗೊಂಡಿತು. ಹೆಸರಿನ ಅರ್ಥ 'ರೋಜೆನ್‌ಬಾಕ್ ವಸ್ತುಸಂಗ್ರಹಾಲಯ'. ಸಾನ್‌ರೆಮೊ ಎಂದೊಡನೆ ಇಟಲಿಯವರಿಗೆ ನೆನಪಾಗುವುದು 1951ರಿಂದ ನಡೆಯುತ್ತಿರುವ ಜನಪ್ರಿಯ ಗೀತೆಗಳ ಸ್ಪರ್ಧೋತ್ಸವ. ಆ ಉತ್ಸವದ ಊರಿನ ಸೆರಗಿನಲ್ಲೇ, ಅದರ ಸಿಹಿಗೀತೆಗಳಿಗೆ ಸಂಬಂಧವೇ ಇಲ್ಲದ ಈ ಸಂಗೀತ ಕುದಿಯುತ್ತಿತ್ತು. ಪೂರ್ವಕ್ಕೆ ಅದೇ ಕರಾವಳಿಯ ಜೆನೋವಾದಲ್ಲಿ ನ್ಯೂ ಟ್ರೋಲ್ಸ್, ಡೆಲೀರಿಯಂ, ಲಾತ್ತೆ ಎ ಮಿಯೆಲೆ ಮುಂತಾದ ತಂಡಗಳು ಆಗಲೇ ಹೆಸರು ಮಾಡಿದ್ದವು.

ಧ್ವನಿಮುದ್ರಣದ ಹೊತ್ತಿಗೆ ತಂಡದಲ್ಲಿದ್ದವರು ಐವರು. 'ಲೂಪೊ', ಅಂದರೆ ತೋಳ, ಎಂಬ ಅಡ್ಡಹೆಸರಿನ ಸ್ಟೆಫಾನೊ ಗಾಲೀಫಿ ಗಾಯಕ. ಗಿಟಾರ್ ಎಂಜೊ ಮೆರೋಞೊ ಅವರದು. ಕೀಬೋರ್ಡ್ ವಾದ್ಯಗಳು ಪಿಟ್ ಕೊರ್ರಾದಿ ಅವರ ಕೈಯಲ್ಲಿ. ಬೇಸ್ ಗಿಟಾರ್ ಮತ್ತು ಪಿಯಾನೊ ನುಡಿಸಿದ ಆಲ್ಬೆರ್ತೊ ಮೊರೇನೊ ಸಂಗೀತದ ಮುಖ್ಯ ರಚನಕಾರ. ಡ್ರಮ್ಸ್ ಬಾರಿಸಿದವರು ಜಾಂಕಾರ್ಲೊ ಗೋಲ್ತ್ಸಿ. ಸಾಹಿತ್ಯ ಬರೆದ ಮೌರೊ ಲಾ ಲೂಚೆ ತಂಡದ ಹೊರಗಿನವರು. ಡೆಲೀರಿಯಂ ತಂಡಕ್ಕೂ ಅವರು ಹಾಡು ಬರೆದುಕೊಟ್ಟಿದ್ದರು.

ಈ ಆಲ್ಬಮ್ಮಿನ ನಾದಕ್ಕೆ ಮೈಬಣ್ಣ ಕೊಟ್ಟದ್ದು ಮೆಲೊಟ್ರಾನ್ ಎಂಬ ವಾದ್ಯ. ಹೊರಗಿನಿಂದ ನೋಡಿದರೆ ಹಾರ್ಮೋನಿಯಂ ಮನೆಗಳಂಥದೇ ಕಪ್ಪು-ಬಿಳಿ ಮನೆಗಳ ಸಾಲು. ಒಳಗೆ ಮಾತ್ರ ಪ್ರತಿ ಮನೆಗೂ ಒಂದೊಂದು ಟೇಪಿನ ತುಂಡು. ಪಿಟೀಲು ಮೇಳವೊಂದು, ಇಲ್ಲವೇ ಕೊಳಲು, ಇಲ್ಲವೇ ಗಾಯನವೃಂದ ಆ ಸ್ವರವನ್ನು ಹಿಡಿದು ನುಡಿಸಿದ್ದನ್ನು ಆ ಟೇಪಿನಲ್ಲಿ ಮೊದಲೇ ಮುದ್ರಿಸಿರುತ್ತಾರೆ. ಮನೆ ಒತ್ತಿದಾಗ ಟೇಪು ಓಡಿ ಸ್ವರ ಕೇಳುತ್ತದೆ. ಟೇಪು ಮುಗಿಯುವುದು ಸುಮಾರು ಎಂಟು ಸೆಕೆಂಡಿನಲ್ಲಿ. ಬೆರಳೆತ್ತಿ ಮತ್ತೆ ಒತ್ತದೆ ಸ್ವರ ಮುಂದುವರಿಯದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾಗುತ್ತಿದ್ದ ಈ ಯಂತ್ರ ಶ್ರುತಿಯಲ್ಲಿ ಸದಾ ಸ್ವಲ್ಪ ಅಲುಗಾಡುತ್ತಿತ್ತು. ನಿಜವಾದ ಪಿಟೀಲು ಮೇಳಕ್ಕೆ ಇದು ಸಾಟಿಯಲ್ಲ. ಆದರೆ ಮಂಜಿನಾಚೆಯಿಂದ ಯಾವುದೋ ಮೇಳ ಕೇಳಿಬರುತ್ತಿದೆ ಎನಿಸುವ ಒಂದು ಗಾಢತೆ ಇದಕ್ಕಿದೆ. ಕೊರ್ರಾದಿ ಅದನ್ನು ಹಿನ್ನೆಲೆಯಲ್ಲಿ ಬಿಡದೆ ರಾಗದ ಮುಖ್ಯ ಹೊರೆಯನ್ನೇ ಅದರ ಮೇಲೆ ಹೊರಿಸಿದರು. ಅದರ ಕೆಳಗೆ ಹ್ಯಾಮಂಡ್ ಆರ್ಗನ್ನಿನ ಗುಡುಗು, ಮೇಲೆ ಮೆರೋಞೊ ಅವರ ಒರಟು ಗಿಟಾರು. ಆ ಕಾಲದ ಇಟಲಿಯ ತಂಡಗಳಲ್ಲಿ ಪ್ರೆಮಿಯಾತಾ ಫೋರ್ನೇರಿಯಾ ಮಾರ್ಕೋನಿಯದು ನಯವಾದ ಕಸೂತಿ ಕೆಲಸವಾದರೆ, ಮುಜೆಯೊ ರೋಜೆನ್‌ಬಾಕ್‌ನದು ಕಲ್ಲಿನ ಕೆಲಸ.

ನೀಚೆಗೂ ಈ ಕರಾವಳಿಗೂ ಇರುವ ನಂಟನ್ನು ಇಲ್ಲಿ ಹೇಳಲೇಬೇಕು. ಎಲ್ಲವೂ ಮತ್ತೆ ಮತ್ತೆ ಹೀಗೆಯೇ ಮರಳುತ್ತದೆ ಎಂಬ ನಿತ್ಯ ಪುನರಾವರ್ತನೆಯ ವಿಚಾರ ಅವರಿಗೆ ಹೊಳೆದದ್ದು 1881ರ ಆಗಸ್ಟಿನಲ್ಲಿ, ಸ್ವಿಟ್ಜರ್ಲೆಂಡಿನ ಸಿಲ್ಸ್ ಮರಿಯಾದಲ್ಲಿ. ಆದರೆ ಗ್ರಂಥದ ಮೊದಲ ಭಾಗ ಮೈತಳೆದದ್ದು ಲಿಗೂರಿಯಾದ ರಪಾಲ್ಲೊದಲ್ಲಿ, 1882-83ರ ಚಳಿಗಾಲದಲ್ಲಿ. ದೇಹಸ್ಥಿತಿ ಚೆನ್ನಾಗಿರಲಿಲ್ಲ. ಆದರೂ ಬೆಳಗ್ಗೆ ಗುಡ್ಡದ ದಾರಿಯಲ್ಲಿ, ಮಧ್ಯಾಹ್ನ ಕೊಲ್ಲಿಯ ಸುತ್ತ ಪೋರ್ತೊಫೀನೊವರೆಗೆ ನಡೆಯುತ್ತಿದ್ದರು. ಆ ನಡಿಗೆಗಳಲ್ಲಿ ಝರಾತುಸ್ತ್ರ ತನಗೆ ಎದುರಾದ ಎಂದು ನೀಚೆ ಮುಂದೆ ತಮ್ಮ ಆತ್ಮಕಥನದಲ್ಲಿ ಬರೆದರು. ಮೂರನೆಯ ಭಾಗ ಮುಗಿದದ್ದು ಅದೇ ಕಡಲಂಚಿನಲ್ಲಿ ಗಡಿಯಾಚೆಗಿರುವ ನೀಸ್‌ನಲ್ಲಿ. ಈ ಎರಡು ಊರುಗಳ ನಡುವೆಯೇ ಬರುತ್ತವೆ ಬೊರ್ಡಿಗೆರಾ ಮತ್ತು ಸಾನ್‌ರೆಮೊ. ತೊಂಬತ್ತು ವರ್ಷಗಳ ಬಳಿಕ ಆ ಗ್ರಂಥಕ್ಕೆ ಸಂಗೀತ ಕಟ್ಟಲು ಕೂತವರು ಅದೇ ಕಡಲನ್ನು ನೋಡಿಕೊಂಡು ಬೆಳೆದವರು.

ನೀಚೆಯ ಝರಾತುಸ್ತ್ರನಿಗೂ ಪಾರಸಿ ಧರ್ಮದ ಪ್ರವಾದಿ ಜರತುಷ್ಟ್ರನಿಗೂ ಹೆಸರಿನ ಸಂಬಂಧ ಉದ್ದೇಶಪೂರ್ವಕ. ಲೋಕವನ್ನು ಒಳಿತು-ಕೆಡುಕಿನ ಹೋರಾಟವಾಗಿ ಮೊದಲು ಕಂಡವನ ಬಾಯಿಂದಲೇ ಆ ವಿಭಜನೆಯನ್ನು ದಾಟಿಸಬೇಕು ಎಂಬುದು ನೀಚೆಯ ಆಲೋಚನೆ. ಸಂಗೀತದಲ್ಲಿ ಈ ಗ್ರಂಥದ ಹೆಸರು ಹೆಚ್ಚು ಪರಿಚಿತವಾಗಿರುವುದು ರಿಚರ್ಡ್ ಸ್ಟ್ರೌಸ್‌ರ 1896ರ ವಾದ್ಯಮೇಳ ಕೃತಿಯಿಂದ. 1968ರಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಅದರ ಆರಂಭವನ್ನು ತಮ್ಮ ಬಾಹ್ಯಾಕಾಶದ ಸಿನಿಮಾಕ್ಕೆ ಬಳಸಿದ ಮೇಲಂತೂ ಅದು ಮನೆಮನೆಗೂ ತಲುಪಿತು. ಮುಜೆಯೊ ರೋಜೆನ್‌ಬಾಕ್ ಆ ದಾರಿ ಹಿಡಿಯಲಿಲ್ಲ. ಸ್ಟ್ರೌಸ್ ಸೂರ್ಯೋದಯದ ವೈಭವದಿಂದ ಆರಂಭಿಸಿದರೆ, ಇವರು ಸಣ್ಣ ದನಿಯಿಂದ ಹೊರಡುತ್ತಾರೆ.

ಮೊದಲ ಮಗ್ಗುಲಿನ ಕೃತಿಯ ಐದು ಭಾಗಗಳ ಹೆಸರುಗಳೇ ಒಂದು ಪಯಣದ ನಕ್ಷೆ: 'ಕೊನೆಯ ಮನುಷ್ಯ', 'ನಿನ್ನೆಯ ರಾಜ', 'ಒಳಿತು ಕೆಡುಕುಗಳ ಆಚೆ', 'ಅತಿಮಾನವ', 'ಮರಳುಗಡಿಯಾರಗಳ ಗುಡಿ'. ಆರಂಭದ ನಿಧಾನ ಸ್ವರಗಳು ಕೇಳುಗ ಹೊಂದಿಕೊಳ್ಳುವ ಮೊದಲೇ ಸಿಡಿಯುತ್ತವೆ. ಮೆಲೊಟ್ರಾನ್, ಡ್ರಮ್ಸ್, ಆರ್ಗನ್ ಒಟ್ಟಿಗೆ ನುಗ್ಗಿ ಮತ್ತೆ ತಗ್ಗುತ್ತವೆ. ಆ ತಗ್ಗಿನಲ್ಲಿ ಗಾಲೀಫಿ ಅವರ ದನಿ ಕೇಳಿಬರುತ್ತದೆ. ಅವರದು ಒಪೆರಾ ಶಿಕ್ಷಣ ಪಡೆದ ನುಣುಪು ಕಂಠವಲ್ಲ. ಒಳಗಿನಿಂದ ಗೀರಿಕೊಂಡು ಬರುವ, ಕರಿಯರ ಬ್ಲೂಸ್ ಹಾಡುಗಾರಿಕೆಯ ಬಿಸಿ ತಾಕಿದ ಕಂಠ. ತತ್ತ್ವದ ಮಾತುಗಳನ್ನು ನಯವಾದ ಕಂಠ ಹಾಡಿದ್ದರೆ ಪಾಠ ಓದಿದಂತಾಗುತ್ತಿತ್ತು. ಈ ದನಿಯಲ್ಲಿ ಅವು ಒಬ್ಬ ಮನುಷ್ಯನ ಸಂಕಟವಾಗುತ್ತವೆ. ಮೂರನೆಯ ಭಾಗದಲ್ಲಿ, ಹಳೆಯ ನೀತಿಯ ಕಟ್ಟಳೆಗಳ ಪ್ರಶ್ನೆ ಎದ್ದಲ್ಲಿ, ಲಯ ಬಿಗಿಯಾಗಿ ವಾದ್ಯಗಳು ಒಂದಕ್ಕೊಂದು ಎದುರುನಿಲ್ಲುತ್ತವೆ. ಹೆಸರಿನಲ್ಲಿ ಎಲ್ಲಕ್ಕಿಂತ ಭಾರವಾದ 'ಅತಿಮಾನವ' ಭಾಗ ಅಳತೆಯಲ್ಲಿ ಎಲ್ಲಕ್ಕಿಂತ ಚಿಕ್ಕದು, ಒಂದೂವರೆ ನಿಮಿಷಕ್ಕೂ ಕಡಿಮೆ. ಅಬ್ಬರಿಸಬಹುದಾಗಿದ್ದ ಕಡೆಯಲ್ಲೇ ತಂಡ ಬೇಗ ದಾಟಿಬಿಡುತ್ತದೆ. ಅತಿಮಾನವನ ಜಯಘೋಷಕ್ಕೆಂದೇ ಈ ಆಲ್ಬಂ ಹುಟ್ಟಿದ್ದರೆ ಅಳತೆ ಹೀಗಿರುತ್ತಿರಲಿಲ್ಲ.

ಅದರ ಬದಲು ಎಂಟು ನಿಮಿಷ ಸಿಕ್ಕಿರುವುದು ಕೊನೆಯ 'ಮರಳುಗಡಿಯಾರಗಳ ಗುಡಿ'ಗೆ. ಇರುವಿಕೆಯೆಂಬುದು ಮತ್ತೆ ಮತ್ತೆ ತಿರುವಿಡುವ ಮರಳುಗಡಿಯಾರ ಎಂಬ ಹೋಲಿಕೆ ನೀಚೆಯ 1882ರ ಪುಸ್ತಕದಲ್ಲೇ ಇದೆ. ಮೊದಲ ಭಾಗಗಳಲ್ಲಿ ಮಿಂಚಿ ಮರೆಯಾದ ರಾಗ ಇಲ್ಲಿ ಮೆಲೊಟ್ರಾನಿನಲ್ಲಿ ಹಿಗ್ಗಿ, ಅಲೆಯ ಮೇಲೆ ಅಲೆಯಾಗಿ ಮರಳುತ್ತದೆ. ಮಾತು ಹಿಂದೆ ಸರಿದು ವಾದ್ಯಗಳೇ ಉಳಿಯುತ್ತವೆ. ಗ್ರಂಥದ ವಿಚಾರವನ್ನು ಸಾಹಿತ್ಯದಲ್ಲಿ ಹೇಳಿ ಕೈತೊಳೆದುಕೊಳ್ಳದೆ ಸಂಗೀತದ ರಚನೆಯಲ್ಲೇ ನಡೆಸಿ ತೋರಿಸಿರುವುದು ಈ ಆಲ್ಬಮ್ಮಿನ ದೊಡ್ಡ ಸಾಧನೆ. ನಿತ್ಯ ಪುನರಾವರ್ತನೆ ಎಂದರೇನು ಎಂದು ತಿಳಿಯದ ಕೇಳುಗನಿಗೂ ಆ ರಾಗ ಮರಳಿದಾಗ ಮೈ ನವಿರೇಳುತ್ತದೆ.

ಎರಡನೆಯ ಮಗ್ಗುಲಿನ ಹಾಡುಗಳು 'ಮನುಷ್ಯರ ಕುರಿತು', 'ಪ್ರಕೃತಿಯ ಕುರಿತು' ಮತ್ತು 'ನಿತ್ಯ ಪುನರಾವರ್ತನೆಯ ಕುರಿತು'. ಮೂರಕ್ಕೂ ಬಿಡಿ ಹಾಡಿನ ಚೌಕಟ್ಟಿದೆ. ಮೊದಲನೆಯದು ನಾಲ್ಕೇ ನಿಮಿಷ. ನಡುವಿನದು ಎಂಟು ನಿಮಿಷ ದಾಟುತ್ತದೆ. ಅದರಲ್ಲಿ ಗೋಲ್ತ್ಸಿ ಅವರ ಡ್ರಮ್ಸ್ ಮತ್ತು ಆರ್ಗನ್ನಿನ ಜುಗಲ್ಬಂದಿ ಆಲ್ಬಮ್ಮಿನ ಅತ್ಯಂತ ಕಸುವಿನ ನುಡಿಸಾಣಿಕೆ. ಮೊದಲ ಮಗ್ಗುಲಿನ ಏರಿನ ನಂತರ ತಟ್ಟೆ ತಿರುವಿದವರಿಗೆ ಈ ಮಗ್ಗುಲು ಸ್ವಲ್ಪ ಇಳಿದಂತೆ ಅನಿಸೀತು. ಆ ಅನಿಸಿಕೆಯಲ್ಲಿ ನಿಜವಿಲ್ಲದಿಲ್ಲ.

ಇನ್ನು ಮುಖಪುಟ. ಕಪ್ಪು ಹಿನ್ನೆಲೆಯ ಮೇಲೆ ಹಲವು ಚಿತ್ರತುಣುಕುಗಳನ್ನು ಅಂಟಿಸಿ ಮಾಡಿದ ಕೊಲಾಜ್ ಅದು. ಮಾಡಿದವರು ಆ ಕಾಲದ ಇಟಲಿಯ ಅನೇಕ ಆಲ್ಬಂಗಳಿಗೆ ಮುಖಪುಟ ರೂಪಿಸಿದ ಚೇಸಾರೆ ಮೊಂತಿ. ಆ ತುಣುಕುಗಳ ನಡುವೆ ಒಂದು ಕಡೆ ಇಟಲಿಯ ಫ್ಯಾಸಿಸ್ಟ್ ಸರ್ವಾಧಿಕಾರಿ ಬೆನಿಟೊ ಮುಸೊಲಿನಿಯ ಶಿರೋಮೂರ್ತಿ ಇತ್ತು.

1973ರ ಇಟಲಿಯಲ್ಲಿ ಇದರ ಪರಿಣಾಮ ಏನಾಗಿರಬಹುದೆಂದು ತಿಳಿಯಲು ಆ ವರ್ಷಗಳ ಬೇಗೆಯನ್ನು ನೆನೆಯಬೇಕು. 1969ರ ಡಿಸೆಂಬರ್ 12ರಂದು ಮಿಲಾನಿನ ಪಿಯಾತ್ಸಾ ಫೊಂತಾನಾದ ಬ್ಯಾಂಕಿನಲ್ಲಿ ಬಾಂಬ್ ಸಿಡಿದು 17 ಜನ ಸತ್ತಿದ್ದರು. ಅದು ಉಗ್ರ ಬಲಪಂಥೀಯರ ಕೃತ್ಯವೆಂದು ಮುಂದೆ ನ್ಯಾಯಾಲಯಗಳು ಹೇಳಿದವು. ಬೀದಿಗಳಲ್ಲಿ ಎಡ-ಬಲ ಯುವಕರ ನಡುವೆ ರಕ್ತ ಹರಿಯುತ್ತಿತ್ತು. ರಾಕ್ ಕೇಳುವ ಯುವಜನರ ಒಲವು ಹೆಚ್ಚಾಗಿ ಎಡಕ್ಕಿತ್ತು. ಸಂಗೀತ ಕಛೇರಿಗಳೇ ರಾಜಕೀಯ ಸಭೆಗಳಾಗುತ್ತಿದ್ದವು. 1971ರ ಜುಲೈನಲ್ಲಿ ಮಿಲಾನಿನ ಲೆಡ್ ಝೆಪೆಲಿನ್ ಕಛೇರಿ ಪೊಲೀಸರ ಅಶ್ರುವಾಯುವಿನಲ್ಲಿ ಕೊನೆಗೊಂಡಿತ್ತು. ನೀಚೆಯ ಹೆಸರಿಗೂ ಆಗ ಅಂಟಿದ ಕಲೆ ಪೂರ್ತಿ ತೊಳೆದುಹೋಗಿರಲಿಲ್ಲ. ಮುಸೊಲಿನಿ ಆತನನ್ನು ಮೆಚ್ಚಿದ್ದ. 1943ರಲ್ಲಿ ಮುಸೊಲಿನಿಗೆ ಅರವತ್ತು ತುಂಬಿದಾಗ ಹಿಟ್ಲರ್ ಕಳಿಸಿದ ಉಡುಗೊರೆ ನೀಚೆಯ ಸಮಗ್ರ ಕೃತಿಗಳೇ. ನಿಜ, ಜಾರ್ಜೊ ಕೊಲ್ಲಿ ಮತ್ತು ಮತ್ಸೀನೊ ಮೊಂತಿನಾರಿ ಎಂಬ ಇಬ್ಬರು ಇಟಾಲಿಯನ್ ವಿದ್ವಾಂಸರು 1960ರ ದಶಕದಲ್ಲೇ ಹಸ್ತಪ್ರತಿಗಳನ್ನು ಮೂಲದಿಂದ ಪರಿಶೀಲಿಸಿ ವಿಮರ್ಶಾತ್ಮಕ ಆವೃತ್ತಿ ತರತೊಡಗಿದ್ದರು. ನೀಚೆಯ ತಂಗಿ ಎಲಿಜಬೆತ್ ಮತ್ತು ನಂತರದ ನಾಜಿಗಳು ತಿರುಚಿದ್ದನ್ನು ಅದು ಬಿಡಿಸಿ ತೋರಿಸುತ್ತಿತ್ತು. 1974ರಲ್ಲಿ ಜಾನ್ನಿ ವತ್ತಿಮೊ ನೀಚೆಯನ್ನು ಬಿಡುಗಡೆಯ ಚಿಂತಕನಾಗಿ ಓದುವ ಪುಸ್ತಕವನ್ನೂ ಪ್ರಕಟಿಸಿದರು. ಆದರೆ ವಿದ್ವಾಂಸರ ಕೋಣೆಯ ಮಾತು ತಟ್ಟೆ ಮಾರುವ ಅಂಗಡಿಗೆ ತಲುಪಿರಲಿಲ್ಲ. ಅತಿಮಾನವನ ಕುರಿತ ಹಾಡು, ಕಪ್ಪು ಮುಖಪುಟ, ಅದರಲ್ಲಿ ಮುಸೊಲಿನಿ: ಮೂರನ್ನೂ ಕೂಡಿಸಿದ ಕಣ್ಣುಗಳಿಗೆ ಉತ್ತರ ಕೂಡಲೇ ದೊರೆಯಿತು. ತಂಡ ಫ್ಯಾಸಿಸ್ಟರದು ಎಂಬ ಹಣೆಪಟ್ಟಿ ಬಿತ್ತು.

ತಂಡದವರು ಇದನ್ನು ನಿರಾಕರಿಸುತ್ತಲೇ ಬಂದರು. ಅವರ ಅತಿಮಾನವ ಇತರರನ್ನು ಆಳುವವನಲ್ಲ, ಹಳೆಯ ಕಟ್ಟುಗಳಿಂದ ಬಿಡಿಸಿಕೊಂಡು ಪ್ರಕೃತಿಯೊಂದಿಗೆ ಹೊಂದಿ ಬಾಳುವವನು ಎಂಬುದು ಅವರ ವಿವರಣೆ. ಸಾಹಿತ್ಯವನ್ನು ಓದಿದರೆ ಈ ವಿವರಣೆಯೇ ಹೊಂದುತ್ತದೆ. ಜನಾಂಗದ ಮಾತಾಗಲಿ ಬಲದ ಆರಾಧನೆಯಾಗಲಿ ಅಲ್ಲಿಲ್ಲ. ಹಾಗೆಂದು ಮುಖಪುಟವನ್ನು ಟೀಕಿಸಿದವರನ್ನು ಮೂರ್ಖರೆನ್ನುವುದೂ ಸರಿಯಲ್ಲ. ತಮ್ಮ ಮನೆಯವರನ್ನು ಮುಸೊಲಿನಿಯ ಆಳ್ವಿಕೆಗೆ ಕಳೆದುಕೊಂಡ ಜನ ಇನ್ನೂ ಬದುಕಿದ್ದ ದೇಶ ಅದು. ಅಂಥ ಕಡೆ ಆ ಮುಖವನ್ನು ಕೊಲಾಜಿನ ಒಂದು ತುಣುಕಾಗಿ ಬಳಸುವುದು ದುಡುಕು. ತಪ್ಪಾದದ್ದು, ಆ ದುಡುಕಿಗೆ ಸಂಗೀತವನ್ನೂ ಹೊಣೆಯಾಗಿಸಿದ್ದು.

ದಂಡನೆ ಬಂದದ್ದು ಮೌನದ ರೂಪದಲ್ಲಿ. ಆಗ ಇಟಲಿಯಲ್ಲಿ ಬಾನುಲಿಯೆಂದರೆ ಸರ್ಕಾರಿ ಒಡೆತನದ ರಾಯ್ ಸಂಸ್ಥೆಯೊಂದೇ. ಖಾಸಗಿಯವರು ಸ್ಥಳೀಯ ಕೇಂದ್ರಗಳನ್ನು ನಡೆಸಬಹುದು ಎಂದು ಸಂವಿಧಾನ ನ್ಯಾಯಾಲಯ ಒಪ್ಪಿದ್ದು 1976ರಲ್ಲಿ. ರಾಯ್ ಈ ಆಲ್ಬಂ ಕಡೆಗೆ ಬೆನ್ನು ತಿರುಗಿಸಿದ ಮೇಲೆ ಕೇಳಿಸಲು ಬೇರೆ ಬಾಗಿಲೇ ಉಳಿಯಲಿಲ್ಲ. ತಟ್ಟೆ ಮಾರಾಟವಾಗಲಿಲ್ಲ. ಸ್ವಲ್ಪ ಕಾಲದಲ್ಲೇ ತಂಡ ಒಡೆಯಿತು. ಗಾಲೀಫಿ ಅವರ ಕಂಠ ಮೂರು ದಶಕಕ್ಕೂ ಹೆಚ್ಚು ಕಾಲ ಹೊಸ ಆಲ್ಬಂಗಳಲ್ಲಿ ಕೇಳಲಿಲ್ಲ. ಗೋಲ್ತ್ಸಿ ಮಾತ್ರ ತೀರ ಬೇರೆಯ ದಿಕ್ಕಿನಲ್ಲಿ ಯಶಸ್ಸು ಕಂಡರು. 1975ರಲ್ಲಿ ಜೆನೋವಾದಲ್ಲಿ ಅವರೂ ಸೇರಿ ಕಟ್ಟಿದ ಮಾತಿಯಾ ಬಾಜಾರ್ ಎಂಬ ಪಾಪ್ ತಂಡ 1978ರಲ್ಲೂ 2002ರಲ್ಲೂ ಸಾನ್‌ರೆಮೊ ಉತ್ಸವ ಗೆದ್ದಿತು.

ಆಲ್ಬಂ ಮರುಜೀವ ಪಡೆದದ್ದು ಹೊರದೇಶಗಳ ಸಂಗ್ರಾಹಕರಿಂದ, ವಿಶೇಷವಾಗಿ ಜಪಾನಿನವರಿಂದ. 1980ರ ದಶಕದಲ್ಲಿ ಜಪಾನಿನ ಕಂಪನಿಗಳು ಇಟಲಿಯ ಮರೆತುಹೋದ ಪ್ರೋಗ್ರೆಸಿವ್ ಆಲ್ಬಂಗಳನ್ನು ಅಚ್ಚುಕಟ್ಟಾಗಿ ಮರುಮುದ್ರಿಸತೊಡಗಿದವು. 'ಝರಾತುಸ್ತ್ರ'ವೂ ಅವುಗಳಲ್ಲಿ ಒಂದು. 1973ರ ಇಟಲಿಯ ಜಗಳ ಗೊತ್ತಿಲ್ಲದ, ಭಾಷೆಯೂ ಬಾರದ ಕೇಳುಗರ ಕಿವಿಗೆ ಬಿದ್ದದ್ದು ಸಂಗೀತ ಮಾತ್ರ. ಆ ಕಿವಿಗಳು ಕೊಟ್ಟ ತೀರ್ಪು ಇಟಲಿಗೆ ಹಿಂದಿರುಗಿತು. ಸಿ.ಡಿ. ಬಂದ ಮೇಲೆ ತಂಡದ ಹಳೆಯ ಕಛೇರಿಗಳ ಮುದ್ರಣಗಳೂ ಹೊರಬಂದವು. ಮೊರೇನೊ ಮತ್ತು ಗೋಲ್ತ್ಸಿ ತಂಡವನ್ನು ಮತ್ತೆ ಕಟ್ಟಿ, ಬೇರೆ ಗಾಯಕನೊಂದಿಗೆ 2000ದಲ್ಲಿ 'ಎಕ್ಸಿಟ್' ಎಂಬ ಆಲ್ಬಂ ತಂದರು. ಮೊದಲನೆಯದರ ಎತ್ತರ ಅದಕ್ಕಿಲ್ಲ.

ಆಲ್ಬಮ್ಮಿನ ಬೇರು ಇಂದಿನ ತಲೆಮಾರಿನೊಳಗೆ ಇಳಿದದ್ದು ಬೇರೊಂದು ತಂಡದ ಮೂಲಕ. ಜೆನೋವಾದ ಕೀಬೋರ್ಡ್ ವಾದಕಿ ಎಲೀಸಾ ಮೊಂತಾಲ್ದೊ 2006ರಲ್ಲಿ ಗಾಲೀಫಿ ಅವರನ್ನು ಮತ್ತೆ ವೇದಿಕೆಗೆ ಕರೆತಂದು ಒಂದು ತಂಡ ಕಟ್ಟಿದರು. 'ಝರಾತುಸ್ತ್ರ'ವನ್ನು ಆದ್ಯಂತವಾಗಿ ನುಡಿಸಬೇಕೆಂಬ ಆಸೆಯಿಂದ ಹುಟ್ಟಿದ ಆ ತಂಡ ಹೆಸರನ್ನೂ ಆ ಕೃತಿಯ ಕೊನೆಯ ಭಾಗದಿಂದಲೇ ತೆಗೆದುಕೊಂಡಿತು: ಇಲ್ ತೆಂಪಿಯೊ ದೆಲ್ಲೆ ಕ್ಲೆಸ್ಸಿದ್ರೆ, ಮರಳುಗಡಿಯಾರಗಳ ಗುಡಿ. 2010ರಲ್ಲಿ ಜೆನೋವಾದ ಬ್ಲ್ಯಾಕ್ ವಿಡೋ ರೆಕಾರ್ಡ್ಸ್‌ನಿಂದ ಬಂದ ಅದರ ಮೊದಲ ಆಲ್ಬಂ ಹಳೆಯದರ ನಕಲಲ್ಲ. ಹಾಡುಗಳೆಲ್ಲ ಹೊಸವು. ಆದರೆ ಆರ್ಗನ್ನಿನ ಗಾತ್ರದಲ್ಲಿ, ಹಾಡಿನಿಂದ ಹಾಡಿಗೆ ಹರಿಯುವ ಕತ್ತಲಿನಲ್ಲಿ, ಎಲ್ಲಕ್ಕಿಂತ ಮಿಗಿಲಾಗಿ ಮಾಗಿದ ಆ ದನಿಯಲ್ಲಿ ಕುಲದ ಗುರುತು ತಪ್ಪುವುದಿಲ್ಲ. 2011ರಲ್ಲಿ ಈ ತಂಡ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಕಛೇರಿ ಕೊಟ್ಟಿತು.

ಇದು ಒಂಟಿ ಉದಾಹರಣೆಯಲ್ಲ. 2002ರಲ್ಲಿ ಮೊದಲ ಆಲ್ಬಂ ತಂದ ಜೆನೋವಾದ ಲಾ ಮಾಸ್ಕೆರಾ ದಿ ಚೇರಾ, 2013ರಲ್ಲಿ ಲೆ ಓರ್ಮೆಯ ಎರಡು ಗ್ರಹಗಳ ಕಥೆಯನ್ನು ಮುಂದುವರಿಸಿತು. ಅದೇ ವರ್ಷ ರೋಮಿನ ಇಂಗ್ರನಾಜ್ಜಿ ದೆಲ್ಲಾ ವಾಲ್ಲೆ ತಂಡ ಮೊದಲ ಕ್ರುಸೇಡ್ ಯುದ್ಧವನ್ನೇ ವಸ್ತುವಾಗಿಸಿಕೊಂಡು ತನ್ನ ಚೊಚ್ಚಲ ಆಲ್ಬಂ 'ಇನ್ ಹೋಕ್ ಸಿಞೊ'ವನ್ನು ಹೊರತಂದಿತು. ಪಾರ್ಮಾದ ಅನ್‌ರಿಯಲ್ ಸಿಟಿ ತನ್ನ ಹೆಸರನ್ನೂ ಮೊದಲ ಆಲ್ಬಮ್ಮಿನ ಹೆಸರನ್ನೂ ಟಿ.ಎಸ್. ಎಲಿಯಟ್‌ರ 'ವೇಸ್ಟ್ ಲ್ಯಾಂಡ್'ನಿಂದ ಪಡೆಯಿತು. ಮೊದಲ ಹೆಜ್ಜೆಯಲ್ಲೇ ಒಂದು ದೊಡ್ಡ ವಸ್ತುವನ್ನು ಹೆಗಲಿಗೇರಿಸಿಕೊಳ್ಳುವ ಈ ಅಭ್ಯಾಸಕ್ಕೆ ಇಟಲಿಯಲ್ಲಿ 1973 ಒಂದು ಮಾದರಿಯಾಗಿ ನಿಂತಿದೆ.

ಗಾಲೀಫಿ ಮುಂದೆ ತಮ್ಮ ಹಳೆಯ ತಂಡಕ್ಕೇ ಮರಳಿದರು. 2012ರಲ್ಲಿ ಮುಜೆಯೊ ರೋಜೆನ್‌ಬಾಕ್ ಸ್ಟುಡಿಯೊದಲ್ಲಿ ಕೂತು ಇಡೀ ಆಲ್ಬಂ ಅನ್ನು ನೇರವಾಗಿ ನುಡಿಸಿ ಮತ್ತೆ ಮುದ್ರಿಸಿತು. 2013ರಲ್ಲಿ 'ಬಾರ್ಬಾರಿಕಾ' ಎಂಬ ಹೊಸ ಆಲ್ಬಂ ಬಂತು. ಹಾಡುಗಾರ ಗಾಲೀಫಿ, ಈಗ ಕೀಬೋರ್ಡ್ ನುಡಿಸಿದ ಮೊರೇನೊ, ಡ್ರಮ್ಸ್‌ನ ಗೋಲ್ತ್ಸಿ ಮೂವರೂ ಅದರಲ್ಲಿ ಒಟ್ಟಿಗಿದ್ದರು. 2015ರ ಆಗಸ್ಟಿನಲ್ಲಿ ಗೋಲ್ತ್ಸಿ ತೀರಿಕೊಂಡರು.